ಕಣ್ಣು ದಾರಿಯ ಮೇಲಿರಲಿ

ಪ್ರವೇಶ: ಅಂಗೈಯಲ್ಲಿ ಹಿಡಿಯುವ ಸ್ಮಾರ್ಟ್‌ಫೋನಿನ ಹಲವು ಅನುಕೂಲಗಳು ಇಂದು ಕಾರಿನ ಮುಂಭಾಗದ ಪರದೆಯ ಮೇಲೆ ದೊರೆಯುತ್ತಿವೆ. ಆ ಪರದೆಯು ಕೆಲಸ ಮಾಡುವ ಬಗೆಯನ್ನೂ, ಅದರ ಉಪಯೋಗ ಮತ್ತು ಮಿತಿಗಳನ್ನೂ, ಅದನ್ನು ಬಳಸುವವನ ಹೊಣೆಯನ್ನೂ ಪ್ರಸ್ತುತ ಪಾಠವು ವಿವರಿಸುತ್ತದೆ.

ಕುದುರೆಗಾಡಿಗಳ ಕಾಲದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಗಾಡಿ ಹೊಡೆಯುವವನ ಮುಂದೆ ಒಂದು ಹಲಗೆಯನ್ನು ಕಟ್ಟುವ ರೂಢಿಯಿತ್ತು. ಓಡುವ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರೂ ಕಲ್ಲೂ ಅವನ ಮೈಮೇಲೆ ಬೀಳದಂತೆ ತಡೆಯುವುದಷ್ಟೇ ಆ ಹಲಗೆಯ ಕೆಲಸ. ಅದಕ್ಕೆ ಡ್ಯಾಶ್‌ಬೋರ್ಡು ಎಂದು ಹೆಸರು. ಮುಂದೆ ಕುದುರೆಯ ಸ್ಥಾನಕ್ಕೆ ಎಂಜಿನ್ನು ಬಂದಿತು. ಕೆಸರನ್ನು ತಡೆಯುವ ಅಗತ್ಯ ಇಲ್ಲವಾದರೂ ಹಲಗೆ ಉಳಿಯಿತು. ಅದರ ಹೆಸರೂ ಉಳಿಯಿತು. ಚಾಲಕನ ಎದುರಿಗೇ ಇರುವ ಆ ಸ್ಥಳವನ್ನು ವೃಥಾ ಬಿಡುವುದೇಕೆ? ಕಾರಿನ ವೇಗ, ಎಂಜಿನ್ನಿನ ಬಿಸಿ, ತೊಟ್ಟಿಯಲ್ಲಿ ಉಳಿದಿರುವ ಪೆಟ್ರೋಲಿನ ಪ್ರಮಾಣ ಇವುಗಳನ್ನು ತೋರಿಸುವ ಮಾಪಕಗಳು ಒಂದೊಂದಾಗಿ ಅಲ್ಲಿ ನೆಲೆಗೊಂಡವು. ಹೀಗೆ ಕೆಸರು ತಡೆಯುವ ಹಲಗೆಯು ಸುದ್ದಿ ಹೇಳುವ ಹಲಗೆಯಾಯಿತು.

ಮೊದಮೊದಲು ಈ ಹಲಗೆಯು ಕಾರಿನ ಸುದ್ದಿಯನ್ನು ಮಾತ್ರ ಹೇಳುತ್ತಿತ್ತು. ಕ್ರಮೇಣ ಹೊರಗಿನ ಲೋಕವೂ ಅದರ ಮೂಲಕ ಕಾರಿನೊಳಗೆ ಪ್ರವೇಶಿಸತೊಡಗಿತು. 1930ರಲ್ಲಿ ಅಮೆರಿಕದಲ್ಲಿ ಮೋಟರೋಲಾ ಎಂಬ ಹೆಸರಿನ ಕಾರಿನ ರೇಡಿಯೊ ಮಾರುಕಟ್ಟೆಗೆ ಬಂದಿತು. 1946ರ ಜೂನ್ 17ರಂದು ಅದೇ ದೇಶದ ಸೇಂಟ್ ಲೂಯಿಸ್ ನಗರದಲ್ಲಿ, ಕಾರಿನಲ್ಲಿ ಕುಳಿತೇ ದೂರವಾಣಿಯಲ್ಲಿ ಮಾತನಾಡುವ ಸಾರ್ವಜನಿಕ ಸೇವೆಯು ಆರಂಭವಾಯಿತು. ಆಗಿನ ಆ ಉಪಕರಣದ ತೂಕವು ಸುಮಾರು 36 ಕಿಲೋಗ್ರಾಂ ಇದ್ದಿತು. ಇಂದು ಅದಕ್ಕಿಂತ ಎಷ್ಟೋ ಪಾಲು ಸಮರ್ಥವಾದ ಉಪಕರಣವು ಅಂಗಿಯ ಜೇಬಿನಲ್ಲಿ ಅಡಗುತ್ತದೆ. ಸ್ಮಾರ್ಟ್‌ಫೋನೆಂಬುದು ಹೆಸರಿಗೆ ಮಾತ್ರ ದೂರವಾಣಿ; ಅದು ನಕ್ಷೆ, ಅಂಚೆ, ಗಡಿಯಾರ, ಕ್ಯಾಮರಾ, ಸಂಗೀತಪೆಟ್ಟಿಗೆ ಎಲ್ಲವೂ ಹೌದು.

ಜೇಬಿನಲ್ಲಿರುವ ಫೋನು ಕಾರನ್ನೇರುವಾಗ ಹಿಂದೆ ಉಳಿಯುವುದಿಲ್ಲ. ತುಮಕೂರಿನಿಂದ ಗುಬ್ಬಿಯ ಕಡೆಗೆ ಕಾರನ್ನು ಓಡಿಸುತ್ತಿರುವ ಒಬ್ಬ ಚಾಲಕನನ್ನು ಕಲ್ಪಿಸಿಕೊಳ್ಳಬಹುದು. ಎರಡೂ ಬದಿಗೆ ತೆಂಗು ಅಡಕೆಯ ತೋಟಗಳು. ಎದುರಿಗೆ ತೆಂಗಿನಕಾಯಿ ತುಂಬಿದ ಟ್ರಾಕ್ಟರು. ಅಲ್ಲಲ್ಲಿ ಹೆದ್ದಾರಿಯನ್ನು ದಾಟಲು ನಿಂತ ದನಕರುಗಳು, ಶಾಲೆಯ ಮಕ್ಕಳು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಮೊಳಗುತ್ತದೆ. ಚಾಲಕನು ಒಂದು ಕೈಯನ್ನು ಚಕ್ರದಿಂದ ತೆಗೆದು ಜೇಬನ್ನು ತಡಕುತ್ತಾನೆ; ಕರೆದವರಾರೆಂದು ತಲೆ ಬಗ್ಗಿಸಿ ನೋಡುತ್ತಾನೆ; ಬಳಿಕ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕತ್ತನ್ನು ವಾಲಿಸಿಕೊಂಡೇ ಗೇರು ಬದಲಾಯಿಸುತ್ತಾನೆ. ಹೀಗೆ ಕೈ, ಕಣ್ಣು, ಕಿವಿ, ಮನಸ್ಸು ನಾಲ್ಕೂ ಏಕಕಾಲದಲ್ಲಿ ದಾರಿಯನ್ನು ಬಿಟ್ಟಿರುತ್ತವೆ. ಇಂಥ ದೃಶ್ಯವು ಯಾವ ಊರಿನವರಿಗೂ ಅಪರಿಚಿತವಲ್ಲ.

ಈ ಅಪಾಯವನ್ನು ತಗ್ಗಿಸುವ ಒಂದು ಉಪಾಯವಾಗಿ, ಫೋನಿನ ಅತ್ಯವಶ್ಯಕ ಸೌಲಭ್ಯಗಳನ್ನಷ್ಟೇ ಕಾರಿನ ಪರದೆಗೆ ತರುವ ವ್ಯವಸ್ಥೆಯನ್ನು ತಂತ್ರಜ್ಞರು ರೂಪಿಸಿದರು. ಆಪಲ್ ಸಂಸ್ಥೆಯು 2014ರ ಮಾರ್ಚಿಯಲ್ಲಿ ಕಾರ್‌ಪ್ಲೇ ಎಂಬ ಹೆಸರಿನಲ್ಲಿ ಇಂಥ ವ್ಯವಸ್ಥೆಯನ್ನು ಜಿನೀವಾದ ಕಾರು ಪ್ರದರ್ಶನದಲ್ಲಿ ಪ್ರಕಟಿಸಿತು. ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಆಟೊ ಎಂಬುದನ್ನು ಅದೇ ವರ್ಷ ಘೋಷಿಸಿ, 2015ರಲ್ಲಿ ಬಳಕೆಗೆ ಬಿಡುಗಡೆ ಮಾಡಿತು. ಈಗ ಭಾರತದಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿ ಇವೆರಡೂ ದೊರೆಯುತ್ತವೆ.

ಈ ವ್ಯವಸ್ಥೆಯ ಸ್ವಾರಸ್ಯವೇನೆಂದರೆ, ಇದರಲ್ಲಿ ಲೆಕ್ಕ ಹಾಕುವ ಕೆಲಸವೆಲ್ಲ ಫೋನಿನದು, ತೋರಿಸುವ ಕೆಲಸ ಮಾತ್ರ ಕಾರಿನದು. ತೊಗಲುಬೊಂಬೆಯ ಆಟದಲ್ಲಿ ಬೊಂಬೆಯು ಪರದೆಯ ಮೇಲೆ ಕುಣಿದರೂ ಕುಣಿಸುವವನು ಪರದೆಯ ಹಿಂದೆ ಇರುವಂತೆ, ಕಾರಿನ ಪರದೆಯ ಮೇಲೆ ನಕ್ಷೆಯು ಸರಿಯುತ್ತಿದ್ದರೂ ಅದನ್ನು ರಚಿಸುತ್ತಿರುವುದು ಫೋನೇ. ಒಂದು ಯು.ಎಸ್.ಬಿ. ತಂತಿಯಿಂದ ಎರಡನ್ನೂ ಜೋಡಿಸಿದಾಗ, ಫೋನು ಚಿತ್ರವನ್ನೂ ಧ್ವನಿಯನ್ನೂ ಕಾರಿಗೆ ಕಳುಹಿಸುತ್ತದೆ. ಚಾಲಕನು ಪರದೆಯನ್ನು ಮುಟ್ಟಿದರೆ, ಚಕ್ರದ ಮೇಲಿನ ಗುಂಡಿಯನ್ನು ಒತ್ತಿದರೆ, ಇಲ್ಲವೆ ಮಾತನಾಡಿದರೆ, ಆ ಸಂಜ್ಞೆಯು ಕಾರಿನಿಂದ ಫೋನಿಗೆ ಹಿಂದಿರುಗುತ್ತದೆ. ತಂತಿಯಿಲ್ಲದೆ ಜೋಡಿಸುವ ವಿಧಾನವೂ ಉಂಟು. ಆಗ ಫೋನು ಮತ್ತು ಕಾರುಗಳು ಮೊದಲು ಬ್ಲೂಟೂತ್ ಎಂಬ ಅಲ್ಪದೂರದ ರೇಡಿಯೊ ಸಂಪರ್ಕದಿಂದ ಪರಸ್ಪರ ಗುರುತು ಹಿಡಿಯುತ್ತವೆ. ಅನಂತರ ಹೆಚ್ಚು ಮಾಹಿತಿಯನ್ನು ಸಾಗಿಸಬಲ್ಲ ವೈ-ಫೈ ಮೂಲಕ ಚಿತ್ರವು ಹರಿಯುತ್ತದೆ.

ಪರದೆಯ ಮುಖ್ಯ ಉಪಯೋಗಗಳಲ್ಲಿ ದಾರಿಯನ್ನು ತೋರಿಸುವುದೇ ಮೊದಲನೆಯದು. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ತಮ್ಮ ಸ್ಥಾನವನ್ನೂ ಆ ಕ್ಷಣದ ಸಮಯವನ್ನೂ ರೇಡಿಯೊ ಅಲೆಗಳ ಮೂಲಕ ಸದಾ ಸಾರುತ್ತಿರುತ್ತವೆ. ಆ ಅಲೆಗಳು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಲ್ಲಿ ಚಲಿಸುವುದರಿಂದ, ಸಂಜ್ಞೆಯು ತಲುಪಲು ಹಿಡಿದ ಕಾಲವನ್ನು ಅಳೆದರೆ ಉಪಗ್ರಹದ ದೂರವು ತಿಳಿಯುತ್ತದೆ. ಕಡೆಯ ಪಕ್ಷ ನಾಲ್ಕು ಉಪಗ್ರಹಗಳ ಸಂಜ್ಞೆಗಳು ದೊರೆತಾಗ ತಾನಿರುವ ಸ್ಥಳವನ್ನು ಫೋನು ಗಣಿಸುತ್ತದೆ. ಕಾಲದ ಅಳತೆಯಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ತಪ್ಪಾದರೂ ದೂರದ ಲೆಕ್ಕದಲ್ಲಿ 300 ಮೀಟರು ವ್ಯತ್ಯಾಸವಾದೀತು! ಇಷ್ಟು ಸೂಕ್ಷ್ಮವಾದ ಗಣಿತವು ಚಾಲಕನ ಅರಿವಿಗೆ ಬಾರದಂತೆಯೇ ನಡೆದುಹೋಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನುಳ್ಳ ಇಸ್ರೋ ಸಂಸ್ಥೆಯೂ 2013ರಿಂದ ಇಂಥ ಉಪಗ್ರಹಗಳನ್ನು ಹಾರಿಸಿ ಭಾರತದ್ದೇ ಆದ ವ್ಯವಸ್ಥೆಯನ್ನು ಕಟ್ಟಿತು. 2016ರಲ್ಲಿ ಅದಕ್ಕೆ ನಾವಿಕ್ ಎಂದು ಹೆಸರಿಡಲಾಯಿತು.

ಎರಡನೆಯ ಉಪಯೋಗವು ಮಾತು. ಚಕ್ರದ ಮೇಲಿರುವ ಒಂದು ಗುಂಡಿಯನ್ನು ಒತ್ತಿ ಚಾಲಕನು ಹೋಗಬೇಕಾದ ಊರಿನ ಹೆಸರನ್ನು ಹೇಳಿದರೆ ಸಾಕು, ಫೋನು ಅದನ್ನು ಅಕ್ಷರಗಳಾಗಿ ಮಾರ್ಪಡಿಸಿಕೊಂಡು ದಾರಿಯನ್ನು ಹುಡುಕುತ್ತದೆ. ಕನ್ನಡದಲ್ಲಿ ಆಡಿದ ಮಾತನ್ನು ಅಕ್ಷರವಾಗಿಸುವ ಸೌಲಭ್ಯವನ್ನು ಗೂಗಲ್ ಸಂಸ್ಥೆಯು 2017ರಲ್ಲಿ ಫೋನುಗಳಿಗೆ ಒದಗಿಸಿತು. ಬಂದ ಸಂದೇಶವನ್ನು ಈ ವ್ಯವಸ್ಥೆಯು ಅಕ್ಷರರೂಪದಲ್ಲಿ ಕಣ್ಣಿಗೆ ತೋರಿಸುವ ಬದಲು ಕಿವಿಗೆ ಓದಿ ಹೇಳುತ್ತದೆ. ಉತ್ತರವನ್ನೂ ಬೆರಳಿನಿಂದ ಬರೆಯುವ ಬದಲು ಬಾಯಿಯಿಂದಲೇ ಹೇಳಬಹುದು.

ಪರದೆಯು ಏನನ್ನು ತೋರಿಸುತ್ತದೆ ಎಂಬುದಕ್ಕಿಂತಲೂ ಏನನ್ನು ತೋರಿಸುವುದಿಲ್ಲ ಎಂಬುದು ಹೆಚ್ಚು ವಿಚಾರಾರ್ಹವಾಗಿದೆ. ಫೋನಿನಲ್ಲಿ ಚಲನಚಿತ್ರಗಳೂ ಆಟಗಳೂ ಎಷ್ಟೇ ಇದ್ದರೂ ಕಾರು ಓಡುತ್ತಿರುವಾಗ ಅವು ಪರದೆಯ ಮೇಲೆ ಬರುವುದಿಲ್ಲ. ಅಕ್ಷರಗಳನ್ನು ಒತ್ತುವ ಕೀಲಿಮಣೆಯೂ ಸಾಮಾನ್ಯವಾಗಿ ಕಾರು ನಿಂತಾಗ ಮಾತ್ರ ತೆರೆಯುತ್ತದೆ. ಚಿತ್ರಗಳು ದೊಡ್ಡವು, ಆಯ್ಕೆಗಳು ಕೆಲವೇ. ಅಂಗೈಯಲ್ಲಿ ನೂರು ಬಾಗಿಲುಗಳನ್ನು ತೆರೆಯುವ ಫೋನು ಕಾರಿನ ಪರದೆಯ ಮೇಲೆ ನಾಲ್ಕೈದು ಬಾಗಿಲುಗಳನ್ನು ಮಾತ್ರ ತೆರೆದು ಉಳಿದವನ್ನು ಬೇಕೆಂದೇ ಮುಚ್ಚಿಡುತ್ತದೆ. ಇದು ಯಂತ್ರದ ಕೊರತೆಯಲ್ಲ. ಅದನ್ನು ರಚಿಸಿದವರ ವಿವೇಕ.

ಇಷ್ಟೊಂದು ಕಟ್ಟುಪಾಡುಗಳು ಅವಶ್ಯಕವೇ ಎಂದು ಕೇಳಬಹುದು. ಒಂದು ಸಣ್ಣ ಲೆಕ್ಕವು ಇದಕ್ಕೆ ಉತ್ತರ ಕೊಡುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 16.7 ಮೀಟರು ದೂರವನ್ನು ಕ್ರಮಿಸುತ್ತದೆ. ಚಾಲಕನು ಎರಡು ಸೆಕೆಂಡು ಕಾಲ ಪರದೆಯನ್ನು ನೋಡಿದರೆ ಅಷ್ಟರಲ್ಲಿ ಕಾರು 33 ಮೀಟರು ಮುಂದೆ ಹೋಗಿರುತ್ತದೆ. ಇದು ಖೋ ಖೋ ಆಟದ ಅಂಗಣದ ಉದ್ದಕ್ಕಿಂತಲೂ ಹೆಚ್ಚು. ಅಷ್ಟು ದೂರವನ್ನು ಅವನು ಕಣ್ಣುಮುಚ್ಚಿ ದಾಟಿದಂತೆಯೇ ಸರಿ. ಅಮೆರಿಕದ ಹೆದ್ದಾರಿ ಸುರಕ್ಷತೆಯ ಇಲಾಖೆಯು 2013ರಲ್ಲಿ ಕಾರಿನ ಪರದೆಗಳಿಗಾಗಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಒಂದೊಂದು ನೋಟವೂ ಎರಡು ಸೆಕೆಂಡುಗಳೊಳಗೆ ಮುಗಿಯುವಂತಿರಬೇಕು ಎಂದೂ, ಒಂದು ಕೆಲಸಕ್ಕಾಗಿ ಕಣ್ಣು ದಾರಿಯನ್ನು ಬಿಡುವ ಒಟ್ಟು ಕಾಲವು 12 ಸೆಕೆಂಡುಗಳನ್ನು ಮೀರಬಾರದು ಎಂದೂ ಹೇಳಿದೆ. ಆದ್ದರಿಂದ ಹೆಚ್ಚು ಹೊತ್ತು ನೋಡುವಂತೆ ಮಾಡುವ ಪರದೆಯು ಒಳ್ಳೆಯ ಪರದೆಯಲ್ಲ. ನೋಟವನ್ನು ಬೇಗನೆ ದಾರಿಗೆ ಹಿಂದಿರುಗಿಸುವ ಪರದೆಯೇ ಒಳ್ಳೆಯದು.

ಯಂತ್ರವನ್ನು ನಡೆಸುವವನ ಕಣ್ಣಿನ ಮುಂದೆ ಎಷ್ಟನ್ನು ಇಡಬೇಕು, ಎಷ್ಟನ್ನು ಇಡಬಾರದು ಎಂಬ ಈ ಪ್ರಶ್ನೆಯು ಕಾರಿಗಿಂತ ಮೊದಲು ವಿಮಾನದಲ್ಲಿ ತಲೆದೋರಿತ್ತು. ಅದನ್ನು ಬಲ್ಲವರು ದೂರದಲ್ಲಿಲ್ಲ. ಮೇಲೆ ಹೇಳಿದ ಚಾಲಕನು ಹೊರಟಿರುವ ಗುಬ್ಬಿ ತಾಲ್ಲೂಕಿನಲ್ಲಿಯೇ ಬಿದರೆಹಳ್ಳ ಕಾವಲ್ ಎಂಬ ಸ್ಥಳವಿದೆ. ಕಾವಲ್ ಎಂದರೆ ಹಿಂದಿನ ಮೈಸೂರು ಸಂಸ್ಥಾನದಲ್ಲಿ ದನಗಳ ಮೇವಿಗಾಗಿ ಕಾಯ್ದಿರಿಸುತ್ತಿದ್ದ ಹುಲ್ಲುಗಾವಲು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಿಂದ ನಾಡಿಗೆಲ್ಲ ಪರಿಚಿತವಾದ ಗುಬ್ಬಿಯ ಸೀಮೆಯು ಈಗ ಹೆಲಿಕಾಪ್ಟರುಗಳ ತಯಾರಿಕೆಗೂ ಹೆಸರಾಗಿದೆ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರು ಕಾರ್ಖಾನೆಗೆ ಬಿದರೆಹಳ್ಳ ಕಾವಲಿನಲ್ಲಿ 2016ರ ಜನವರಿ 3ರಂದು ಶಂಕುಸ್ಥಾಪನೆಯಾಯಿತು. 615 ಎಕರೆ ವಿಸ್ತಾರವುಳ್ಳ ಈ ಕಾರ್ಖಾನೆಯನ್ನು 2023ರ ಫೆಬ್ರವರಿ 6ರಂದು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಆರಂಭದಲ್ಲಿ ವರ್ಷಕ್ಕೆ ಸುಮಾರು 30 ಹೆಲಿಕಾಪ್ಟರುಗಳನ್ನು ತಯಾರಿಸಿ, ಹಂತಹಂತವಾಗಿ ಆ ಸಂಖ್ಯೆಯನ್ನು 60ಕ್ಕೂ ಮುಂದೆ 90ಕ್ಕೂ ಏರಿಸುವುದು ಅದರ ಯೋಜನೆ.

ಇಲ್ಲಿ ತಯಾರಿಸಲು ಮೊದಲಿಗೆ ಆರಿಸಿಕೊಂಡದ್ದು ಲಘು ಉಪಯೋಗಿ ಹೆಲಿಕಾಪ್ಟರು. ಒಂದೇ ಎಂಜಿನ್ನುಳ್ಳ, ಮೂರು ಟನ್ ವರ್ಗದ ಈ ಯಂತ್ರವು ಭಾರತದಲ್ಲಿಯೇ ರೂಪುಗೊಂಡಿತು. ಇದರ ಮಾದರಿಯು 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. 2019ರಲ್ಲಿ ಲಡಾಖಿನ ಎತ್ತರದ ನೆಲೆಗಳಲ್ಲಿ ಪರೀಕ್ಷೆಗೆ ಒಳಗಾಯಿತು. ಹಿಮಾಲಯದ ಕಣಿವೆಗಳಲ್ಲಿ ದಶಕಗಳ ಕಾಲ ದುಡಿದ ಚೇತಕ್ ಮತ್ತು ಚೀತಾ ಹೆಲಿಕಾಪ್ಟರುಗಳ ಸ್ಥಾನವನ್ನು ತುಂಬುವುದು ಇದರ ಉದ್ದೇಶ. ಆ ಹಳೆಯ ಹೆಲಿಕಾಪ್ಟರುಗಳಲ್ಲಿ ಚಾಲಕನ ಮುಂದೆ ಮುಳ್ಳು ತಿರುಗುವ ದುಂಡನೆಯ ಮಾಪಕಗಳು ಸಾಲಾಗಿ ಇರುತ್ತಿದ್ದವು. ಹೊಸದರಲ್ಲಿ ಅವುಗಳ ಬದಲಿಗೆ ವಿದ್ಯುನ್ಮಾನ ಪರದೆಗಳಿವೆ. ಇಂಥ ಚಾಲನಾಕೋಣೆಯನ್ನು ಗಾಜಿನ ಕಾಕ್‌ಪಿಟ್ ಎಂದು ಕರೆಯುತ್ತಾರೆ.

ಹೆಲಿಕಾಪ್ಟರನ್ನು ನಡೆಸುವವನ ಕೈಕಾಲುಗಳಿಗೆ ಕ್ಷಣಮಾತ್ರವೂ ಬಿಡುವಿಲ್ಲ. ಎಡಗೈಯಲ್ಲಿರುವ ಸನ್ನೆಕೋಲು ಯಂತ್ರವನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತದೆ. ಬಲಗೈಯಲ್ಲಿರುವ ಕೋಲು ಅದನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಲಿಸುತ್ತದೆ. ಪಾದಗಳ ಕೆಳಗಿನ ತುಳಿಗಳು ಅದರ ಮೂತಿಯನ್ನು ತಿರುಗಿಸುತ್ತವೆ. ಹಾಗಿರುವಾಗ ರೇಡಿಯೊದಲ್ಲಿ ಮಾತನಾಡಲು ಅವನು ಕೈಯನ್ನು ಬಿಡುವುದೆಂತು? ಈ ಕಾರಣದಿಂದಲೇ ಮುಖ್ಯವಾದ ಗುಂಡಿಗಳನ್ನು ಅವನು ಹಿಡಿದಿರುವ ಕೋಲಿನ ಮೇಲೆಯೇ ಅಳವಡಿಸಿರುತ್ತಾರೆ. ಕಾರಿನ ಚಕ್ರದ ಮೇಲೆ ಇಂದು ಕಾಣುವ, ಕರೆಯನ್ನು ಸ್ವೀಕರಿಸುವ ಮತ್ತು ಧ್ವನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಗಳ ತತ್ತ್ವವೂ ಇದೇ. ಕೈಯನ್ನು ತೆಗೆಯದೆ, ಕಣ್ಣನ್ನು ಸರಿಸದೆ ಕೆಲಸವಾಗಬೇಕು.

ಪರದೆಗಳು ವಿಮಾನಗಳಿಗೆ ಬಂದ ಕಾರಣವೂ ಗಮನಾರ್ಹವಾದುದು. 1970ರ ದಶಕದ ಮಧ್ಯಭಾಗದ ಹೊತ್ತಿಗೆ ಪ್ರಯಾಣಿಕ ವಿಮಾನವೊಂದರ ಕಾಕ್‌ಪಿಟ್‌ನಲ್ಲಿ ಮಾಪಕಗಳೂ ನಿಯಂತ್ರಣಗಳೂ ಸೇರಿ ನೂರನ್ನು ಮೀರಿದ್ದವು. ಎಲ್ಲವೂ ಒಂದಲ್ಲ ಒಂದು ಸಂದರ್ಭದಲ್ಲಿ ಬೇಕಾದವೇ. ಆದರೆ ಎಲ್ಲವೂ ಏಕಕಾಲದಲ್ಲಿ ಕಣ್ಣನ್ನು ಸೆಳೆಯುತ್ತಿದ್ದವು. ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳು ಈ ಗೊಂದಲವನ್ನು ಪರಿಶೀಲಿಸಿ, ಆಯಾ ಹೊತ್ತಿಗೆ ಬೇಕಾದುದನ್ನು ಮಾತ್ರ ಒಟ್ಟುಗೂಡಿಸಿ ತೋರಿಸುವ ಪರದೆಗಳನ್ನು ಪ್ರಯೋಗಿಸಿದರು. ಅಂದರೆ ಪರದೆಯು ಹೆಚ್ಚು ವಿಷಯಗಳನ್ನು ತುಂಬಲು ಹುಟ್ಟಿದ ಸಾಧನವಲ್ಲ. ವಿಷಯಗಳ ಹೊರೆಯನ್ನು ಇಳಿಸಲು ಹುಟ್ಟಿದ ಸಾಧನ.

ಹೊರೆಯು ದೊಡ್ಡದೇ ಆಗಿರಬೇಕಾಗಿಲ್ಲ. ಒಂದು ಸಣ್ಣ ದೀಪವೂ ಮನುಷ್ಯನ ಗಮನವನ್ನು ಪೂರ್ತಿಯಾಗಿ ಕಸಿದುಕೊಳ್ಳಬಲ್ಲದು. 1972ರ ಡಿಸೆಂಬರ್ 29ರ ರಾತ್ರಿ ನ್ಯೂಯಾರ್ಕಿನಿಂದ ಹೊರಟ ಒಂದು ದೊಡ್ಡ ವಿಮಾನವು ಮಯಾಮಿ ನಗರದಲ್ಲಿ ಇಳಿಯಲು ಸಿದ್ಧವಾಗುತ್ತಿತ್ತು. ಅದರಲ್ಲಿ 176 ಜನರಿದ್ದರು. ಮುಂಭಾಗದ ಗಾಲಿಯು ಸರಿಯಾಗಿ ಕೆಳಗಿಳಿದಿದೆಯೆಂದು ತಿಳಿಸುವ ಪುಟ್ಟ ದೀಪವು ಬೆಳಗಲಿಲ್ಲ. ಚಾಲಕರು ವಿಮಾನವನ್ನು ಸುಮಾರು 600 ಮೀಟರು ಎತ್ತರಕ್ಕೆ ಒಯ್ದು, ಆ ಎತ್ತರವನ್ನು ಕಾಯುವ ಕೆಲಸವನ್ನು ಸ್ವಯಂಚಾಲಕ ಯಂತ್ರಕ್ಕೆ ಒಪ್ಪಿಸಿ, ದೀಪವನ್ನು ಪರೀಕ್ಷಿಸತೊಡಗಿದರು. ಕಾಕ್‌ಪಿಟ್‌ನಲ್ಲಿದ್ದವರೆಲ್ಲರ ಚಿತ್ತವೂ ಆ ದೀಪದಲ್ಲಿಯೇ ನೆಟ್ಟಿತು. ಈ ನಡುವೆ, ಎತ್ತರವನ್ನು ಕಾಯುತ್ತಿದ್ದ ಯಂತ್ರದ ಹಿಡಿತವು ಯಾರಿಗೂ ತಿಳಿಯದಂತೆ ತಪ್ಪಿತು. ವಿಮಾನವು ಮೆಲ್ಲಮೆಲ್ಲನೆ ಇಳಿಯತೊಡಗಿತು. ಎಚ್ಚರಿಕೆಯ ಸದ್ದು ಮೊಳಗಿದರೂ ಕಿವಿಗೆ ಬೀಳಲಿಲ್ಲ. ಎತ್ತರದ ಮಾಪಕವು ಎದುರಿಗೇ ಇದ್ದರೂ ಕಣ್ಣಿಗೆ ಬೀಳಲಿಲ್ಲ. ಕೆಲವೇ ನಿಮಿಷಗಳಲ್ಲಿ ವಿಮಾನವು ಜೌಗುನೆಲಕ್ಕೆ ಅಪ್ಪಳಿಸಿತು. 101 ಮಂದಿ ಪ್ರಾಣ ಕಳೆದುಕೊಂಡರು. ಬಳಿಕ ನೋಡಿದರೆ ಗಾಲಿಯು ಸರಿಯಾಗಿಯೇ ಇಳಿದಿತ್ತು. ಕೆಟ್ಟಿದ್ದುದು ದೀಪ ಮಾತ್ರ!

ಇಂಥ ದುರಂತಗಳಿಂದ ವಿಮಾನಯಾನವು ಪಾಠ ಕಲಿಯಿತು. ವಿಮಾನವು ಏರುವ ಮತ್ತು ಇಳಿಯುವ ವೇಳೆಯಂಥ ಸೂಕ್ಷ್ಮ ಘಟ್ಟಗಳಲ್ಲಿ ಚಾಲಕರು ಹಾರಾಟಕ್ಕೆ ಅವಶ್ಯವಲ್ಲದ ಯಾವ ಮಾತನ್ನೂ ಆಡಕೂಡದು, ಯಾವ ಕೆಲಸವನ್ನೂ ಮಾಡಕೂಡದು ಎಂಬ ನಿಯಮವು ಅಮೆರಿಕದಲ್ಲಿ 1981ರಲ್ಲಿ ಜಾರಿಗೆ ಬಂದಿತು. ವರ್ಷಗಟ್ಟಲೆ ತರಬೇತಿ ಪಡೆದ ಚಾಲಕರಿಗೇ ಇಂಥ ನಿಯಮವು ಬೇಕಾಯಿತೆಂದರೆ, ಕಾರಿನ ಚಾಲಕನಿಗೆ ಅದು ಬೇಡವೆ? ಆಕಾಶದಲ್ಲಿ ಎದುರಿಗೆ ಟ್ರಾಕ್ಟರು ಬರುವುದಿಲ್ಲ. ದನ ಅಡ್ಡ ಹಾಯುವುದಿಲ್ಲ. ಚೆಂಡಿನ ಹಿಂದೆ ಮಗು ಓಡಿ ಬರುವುದಿಲ್ಲ. ಊರ ನಡುವಿನ ರಸ್ತೆಯಲ್ಲಿ ಇವೆಲ್ಲವೂ ಉಂಟು.

ಫೋನು ಕೈಯಿಂದ ಪರದೆಗೆ ಬಂದ ಮಾತ್ರಕ್ಕೆ ಅಪಾಯವು ನೀಗಿತೆಂದು ಭಾವಿಸುವುದು ಸರಿಯಲ್ಲ. ಪರದೆಯು ಕೈಗಳನ್ನು ಬಿಡಿಸಬಲ್ಲದು. ಕಣ್ಣಿಗೆ ಸಹಾಯ ಮಾಡಬಲ್ಲದು. ಆದರೆ ಮನಸ್ಸನ್ನು ದಾರಿಯ ಮೇಲೆ ನಿಲ್ಲಿಸಲಾರದು. 1997ರಲ್ಲಿ ಕೆನಡದ ಟೊರಾಂಟೊ ನಗರದ ಸಂಶೋಧಕರು, ಅಪಘಾತಕ್ಕೆ ಸಿಲುಕಿದ 699 ಚಾಲಕರ ದೂರವಾಣಿ ಕರೆಗಳನ್ನು ಪರಿಶೀಲಿಸಿದರು. ಫೋನಿನಲ್ಲಿ ಮಾತನಾಡುವಾಗ ಅಪಘಾತದ ಸಂಭವವು ಸುಮಾರು ನಾಲ್ಕು ಪಟ್ಟು ಹೆಚ್ಚುವುದೆಂದು ಅವರು ಕಂಡುಕೊಂಡರು. ಕೈಯಲ್ಲಿ ಹಿಡಿಯದೆ ಮಾತನಾಡುವ ಫೋನಿನಿಂದಲೂ ಹೇಳಿಕೊಳ್ಳುವಂಥ ಹೆಚ್ಚಿನ ರಕ್ಷಣೆಯು ಅವರಿಗೆ ಕಾಣಲಿಲ್ಲ. 2015ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕರು ಕಾರಿನಲ್ಲಿ ಮಾತಿನ ಮೂಲಕ ಆಜ್ಞೆ ಕೊಡುವ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಆಜ್ಞೆ ಕೊಟ್ಟು ಮುಗಿಸಿದ ಮೇಲೆಯೂ ಕೆಲವೊಮ್ಮೆ 27 ಸೆಕೆಂಡುಗಳವರೆಗೆ ಚಾಲಕನ ಗಮನವು ಪೂರ್ತಿಯಾಗಿ ಮರಳುವುದಿಲ್ಲವೆಂದು ತಿಳಿದುಬಂದಿತು. 60 ಕಿಲೋಮೀಟರು ವೇಗದ ಕಾರು ಅಷ್ಟು ಹೊತ್ತಿನಲ್ಲಿ 450 ಮೀಟರು ಸಾಗಿರುತ್ತದೆ.

ಪಕ್ಕದಲ್ಲಿ ಕುಳಿತವರೊಡನೆ ಆಡುವ ಮಾತಿಗೂ ಫೋನಿನ ಮಾತಿಗೂ ಒಂದು ವ್ಯತ್ಯಾಸವಿದೆ. ಎದುರಿಗೆ ಲಾರಿ ನುಗ್ಗಿ ಬಂದಾಗ ಪಕ್ಕದವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ, ಇಲ್ಲವೆ ಎಚ್ಚರಿಸುತ್ತಾರೆ. ದೂರದಲ್ಲಿರುವವರಿಗೆ ಲಾರಿ ಕಾಣುವುದಿಲ್ಲ. ಅವರು ಉತ್ತರಕ್ಕಾಗಿ ಒತ್ತಾಯಿಸುತ್ತಲೇ ಇರುತ್ತಾರೆ. ಆಗ ಚಾಲಕನ ಕಣ್ಣು ತೆರೆದಿರುತ್ತದೆ. ಆದರೆ ಅವನು ಕಾಣುವುದು ಆಚೆಯವರು ಹೇಳುತ್ತಿರುವ ಮನೆಯನ್ನೋ ಸಂತೆಯನ್ನೋ ಹೊರತು ಮುಂದಿನ ದಾರಿಯನ್ನಲ್ಲ.

ಮುಟ್ಟುಪರದೆಯದೂ ಒಂದು ಮಿತಿಯುಂಟು. ಹಳೆಯ ಕಾರಿನಲ್ಲಿ ರೇಡಿಯೊದ ತಿರುಗುಗುಂಡಿಯನ್ನು ಬೆರಳುಗಳು ತಡವಿಯೇ ಗುರುತಿಸುತ್ತಿದ್ದವು. ನುಣುಪಾದ ಗಾಜಿನ ಮೇಲೆ ಎಲ್ಲ ಸ್ಥಳವೂ ಒಂದೇ. ಎಲ್ಲಿ ಮುಟ್ಟಬೇಕೆಂಬುದನ್ನು ಕಣ್ಣೇ ಹೇಳಬೇಕು. ಯೂರೋಪಿನಲ್ಲಿ ಕಾರುಗಳ ಸುರಕ್ಷತೆಯನ್ನು ಅಳೆಯುವ ಯೂರೋ ಎನ್‌ಕ್ಯಾಪ್ ಸಂಸ್ಥೆಯು, ಮಳೆನೀರು ಒರೆಸುವ ಕಡ್ಡಿ, ತಿರುವಿನ ದೀಪ, ಹಾರನ್ನು ಮುಂತಾದವುಗಳಿಗೆ ಕೈಗೆ ಸಿಗುವ ಪ್ರತ್ಯೇಕ ಗುಂಡಿಗಳೇ ಇರಬೇಕೆಂಬ ಅಂಶಕ್ಕೆ 2026ರ ತನ್ನ ನಿಯಮಗಳಲ್ಲಿ ಮಹತ್ತ್ವವನ್ನು ನೀಡಿದೆ. ಹೊಸದೆಲ್ಲವೂ ಹಳೆಯದಕ್ಕಿಂತ ಮೇಲೆಂದು ಹೇಳಲಾಗದು.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಆದ ತಿದ್ದುಪಡಿಯು, ವಾಹನವನ್ನು ಓಡಿಸುವಾಗ ಸಂಪರ್ಕ ಸಾಧನವನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿತು. ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000 ರೂಪಾಯಿಗಳಿಂದ 5,000 ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದು. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮವು ದಾರಿಯನ್ನು ತಿಳಿಯುವುದಕ್ಕಾಗಿ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ, ಇಂಥ ಸಾಧನದ ಬಳಕೆಗೆ ಅವಕಾಶವನ್ನಿತ್ತಿದೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಅಪಘಾತಗಳಿಂದ ಮೃತರಾದರು. ಅತಿವೇಗವೇ ಮೊದಲಾಗಿ ಇವಕ್ಕೆ ಕಾರಣಗಳು ಹಲವು. ಆ ಸಾಲಿಗೆ ಅನ್ಯಮನಸ್ಕತೆಯೂ ಸೇರುವುದನ್ನು ತಪ್ಪಿಸುವುದು ಮಾತ್ರ ಪ್ರತಿಯೊಬ್ಬ ಚಾಲಕನ ಕೈಯಲ್ಲಿಯೇ ಇದೆ.

ವಿವೇಕಿಯಾದ ಚಾಲಕನು ಹೊರಡುವ ಮೊದಲೇ ಫೋನನ್ನು ಕಾರಿಗೆ ಜೋಡಿಸುತ್ತಾನೆ. ಕಾರು ನಿಂತಿರುವಾಗಲೇ ಹೋಗಬೇಕಾದ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳುತ್ತಾನೆ. ಸಂಪರ್ಕ ದುರ್ಬಲವಾಗಿರುವ ಹಳ್ಳಿಗಳ ಕಡೆಗೆ ಹೋಗುವುದಾದರೆ ಆ ಸೀಮೆಯ ನಕ್ಷೆಯನ್ನು ಮುಂಚಿತವಾಗಿ ಫೋನಿನಲ್ಲಿ ಇಳಿಸಿಕೊಳ್ಳುತ್ತಾನೆ. ದಾರಿಯಲ್ಲಿ ಧ್ವನಿಯ ಸೂಚನೆಯನ್ನು ಕೇಳುತ್ತಾನೆಯೇ ಹೊರತು ಪರದೆಯನ್ನು ದಿಟ್ಟಿಸುವುದಿಲ್ಲ. ಅವಸರದ ಕರೆ ಬಂದರೆ ಕಾರನ್ನು ಬದಿಗೆ ನಿಲ್ಲಿಸಿ ಮಾತನಾಡುತ್ತಾನೆ. ನಕ್ಷೆಯು ಎಡಕ್ಕೆ ತಿರುಗೆಂದು ಹೇಳಿದರೂ ಎದುರಿಗೆ ಕೆರೆಯ ಏರಿ ಒಡೆದಿದ್ದರೆ ಅವನು ನಂಬಬೇಕಾದುದು ತನ್ನ ಕಣ್ಣನ್ನೇ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಕಾರನ್ನು ಓಡಿಸುವ ಹಕ್ಕಿಲ್ಲ. ಅದಕ್ಕೆ 18 ವರ್ಷ ತುಂಬಿರಬೇಕು. ಆದರೆ ಹೊಣೆಯು ಅಷ್ಟು ಕಾಲ ಕಾಯುವುದಿಲ್ಲ. ತಂದೆಯೋ ತಾಯಿಯೋ ಅಣ್ಣನೋ ವಾಹನವನ್ನು ಓಡಿಸುತ್ತಿರುವಾಗ ಪಕ್ಕದಲ್ಲಿ ಕುಳಿತ ಮಗನಾಗಲಿ ಮಗಳಾಗಲಿ ನಕ್ಷೆಯನ್ನು ನೋಡಿ ದಾರಿ ಹೇಳಬಹುದು, ಕರೆಗೆ ತಾವೇ ಉತ್ತರಿಸಬಹುದು. ಮನೆಯಲ್ಲಿರುವವರು ಪ್ರಯಾಣದಲ್ಲಿರುವವರಿಗೆ ಫೋನು ಮಾಡಿದಾಗ, "ಗಾಡಿ ಓಡಿಸುತ್ತಿದ್ದೀರಾ?" ಎಂದು ಮೊದಲು ಕೇಳಿ, ಹೌದೆಂದರೆ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಆ ಒಂದು ಪ್ರಶ್ನೆಯನ್ನು ಕೇಳಲು ಯಾವ ಪರವಾನಿಗೆಯೂ ಬೇಡ. ಯಂತ್ರವು ದಾರಿಯನ್ನು ತೋರಿಸೀತು, ಸಂದೇಶವನ್ನು ಓದಿ ಹೇಳೀತು. ಗಮನವನ್ನು ಮಾತ್ರ ಮನುಷ್ಯನೇ ಕೊಡಬೇಕು. ಅದನ್ನು ಯಾವ ತಂತಿಯಿಂದಲೂ ಕಾರಿಗೆ ಜೋಡಿಸಲು ಬಾರದು.

ಪದಗಳ ಅರ್ಥ

ಗೊರಸು – ಕುದುರೆ, ದನ ಮುಂತಾದವುಗಳ ಕಾಲಿನ ಗಟ್ಟಿಯಾದ ತುದಿ
ವೃಥಾ – ವ್ಯರ್ಥವಾಗಿ
ಸಂಜ್ಞೆ – ಗುರುತು, ಸೂಚನೆ
ಗಣಿಸು – ಲೆಕ್ಕ ಹಾಕು
ವಿಚಾರಾರ್ಹ – ಆಲೋಚಿಸಲು ತಕ್ಕುದಾದ
ಕ್ರಮಿಸು – ದಾಟಿ ಹೋಗು
ಸೀಮೆ – ಪ್ರದೇಶ
ತುಳಿ – ಕಾಲಿನಿಂದ ಒತ್ತುವ ಮೆಟ್ಟು
ಜೌಗುನೆಲ – ನೀರು ನಿಂತ ಕೆಸರು ಭೂಮಿ
ಅನ್ಯಮನಸ್ಕತೆ – ಮನಸ್ಸು ಬೇರೆಡೆ ಇರುವಿಕೆ
ಜುಲ್ಮಾನೆ – ದಂಡ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಕುದುರೆಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಕೆಲಸವೇನಾಗಿತ್ತು?
2. ಕಾವಲ್ ಎಂದರೇನು?
3. ತಾನಿರುವ ಸ್ಥಳವನ್ನು ಗಣಿಸಲು ಫೋನಿಗೆ ಕಡೆಯ ಪಕ್ಷ ಎಷ್ಟು ಉಪಗ್ರಹಗಳ ಸಂಜ್ಞೆ ಬೇಕು?
4. ಬಿದರೆಹಳ್ಳ ಕಾವಲಿನ ಕಾರ್ಖಾನೆಯು ರಾಷ್ಟ್ರಕ್ಕೆ ಸಮರ್ಪಿತವಾದುದು ಯಾವಾಗ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಫೋನು ಮತ್ತು ಕಾರಿನ ಪರದೆಯ ಸಂಬಂಧವನ್ನು ತೊಗಲುಬೊಂಬೆಯ ಆಟಕ್ಕೆ ಹೋಲಿಸಿರುವುದು ಏಕೆ?
2. ಹೆಲಿಕಾಪ್ಟರಿನಲ್ಲಿ ಗುಂಡಿಗಳನ್ನು ಕೋಲಿನ ಮೇಲೆಯೇ ಅಳವಡಿಸಲು ಕಾರಣವೇನು?
3. 1972ರ ವಿಮಾನ ದುರಂತವು ಹೇಗೆ ಸಂಭವಿಸಿತು?
4. ಪಕ್ಕದಲ್ಲಿ ಕುಳಿತವರ ಮಾತಿಗೂ ಫೋನಿನ ಮಾತಿಗೂ ಇರುವ ವ್ಯತ್ಯಾಸವೇನು?

ಇ. ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. "ಇದು ಯಂತ್ರದ ಕೊರತೆಯಲ್ಲ, ಅದನ್ನು ರಚಿಸಿದವರ ವಿವೇಕ."
2. "ಕೆಟ್ಟಿದ್ದುದು ದೀಪ ಮಾತ್ರ!"
3. "ಆದರೆ ಹೊಣೆಯು ಅಷ್ಟು ಕಾಲ ಕಾಯುವುದಿಲ್ಲ."

ಈ. ಭಾಷಾಭ್ಯಾಸ
1. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಅತ್ಯವಶ್ಯಕ, ವಿಚಾರಾರ್ಹ, ಕೈಯನ್ನು.
2. ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಹೆದ್ದಾರಿ, ಕೈಕಾಲು, ಅಂಗೈ.

ಉ. ಮಾಡಿ ನೋಡಿರಿ.
ಗಂಟೆಗೆ 40, 60 ಮತ್ತು 80 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಎರಡು ಸೆಕೆಂಡುಗಳಲ್ಲಿ ಸಾಗುವ ದೂರವನ್ನು ಲೆಕ್ಕ ಹಾಕಿರಿ. ಆ ಮೂರು ದೂರಗಳನ್ನೂ ಶಾಲೆಯ ಬಯಲಿನಲ್ಲಿ ಅಳೆದು ಗುರುತಿಸಿ, ನೋಡಿದಾಗ ತೋರಿದ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.